ಒಡ್ಡಿನ ಹುಲ್ಲಿನಲ್ಲಿ ಲಾಳಿಕೆ ಬಲೆ: ನೇಯ್ದವರು ಯಾರು?

ಹಿಂಗಾರಿ ಬಿತ್ತಿಗೆ ಮುಗಿದು ಜೋಳ ಮೊಳದುದ್ದ ಎದ್ದಿರುವ ಈ ದಿನಗಳಲ್ಲಿ ನಸುಕಿನಲ್ಲಿ ಹೊಲಕ್ಕೆ ಹೋದವರಿಗೆ ಒಡ್ಡಿನ ಹುಲ್ಲಿನ ಮೇಲೆ ಅಲ್ಲಲ್ಲಿ ತೆಳುವಾದ ಬಿಳಿಯ ಅರಿವೆ ಹಾಸಿದಂತೆ ಕಾಣುವದು. ಹತ್ತಿರ ಹೋದರೆ ಅರಿವೆಯಲ್ಲ, ಇಬ್ಬನಿ ಹಿಡಿದ ಜೇಡರ ಬಲೆ. ಕೆಲವು ಅಂಗೈಯಗಲ, ಕೆಲವು ಊಟದ ತಾಟಿನಗಲ. ಬಿಸಿಲೇರಿ ಇಬ್ಬನಿ ಆರಿತೆಂದರೆ ಬಲೆ ಇದ್ದಲ್ಲಿಯೇ ಇದ್ದರೂ ನಮ್ಮ ಕಣ್ಣಿಗೆ ಬೀಳದು. ಈ ಹಾಸಿನ ಒಂದು ಅಂಚು ಮೆಲ್ಲಗೆ ತಗ್ಗಿ, ಕಿರಿದಾಗಿ, ಕೊಳವೆಯಾಗಿ ಹುಲ್ಲಿನ ಬುಡದಲ್ಲಿಯೋ ಕಲ್ಲಿನ ಸಂದಿಯಲ್ಲಿಯೋ ಇಳಿದಿರುತ್ತದೆ. ಡಬ್ಬಿಯಿಂದ ಬಾಟಲಿಗೆ ಎಣ್ಣೆ ಸುರಿಯುವಾಗ ಇಡುವ ಲಾಳಿಕೆಯ ಆಕಾರವೇ ಇದು; ಮರಾಠಿಯವರು ಅದನ್ನು ನರಸಾಳೆ ಅನ್ನುತ್ತಾರೆ. ಕೂರಿಗೆ ಹಿಡಿದು ಬಿತ್ತಿದವರಿಗೆ ಬೇರೆ ಹೋಲಿಕೆ ಬೇಕಿಲ್ಲ: ಮೇಲೆ ಬಟ್ಟಲು, ಕೆಳಗೆ ಕೊಳವೆ.

ಹಿಂದಿನವರು ಈ ಬಲೆಯನ್ನು ಲೆಕ್ಕಕ್ಕೆ ಹಿಡಿದವರಲ್ಲ. ಕಾಲಿಗೆ ಸಿಕ್ಕರೆ ಹರಿದುಕೊಂಡು ಹೋಗುತ್ತಿದ್ದರು. ಈಗ ಮೊಬೈಲು ಬಂದ ಮೇಲೆ ಹೊಸ ಅಂಜಿಕೆಯೊಂದು ಹುಟ್ಟಿದೆ. ಲಾಳಿಕೆಯಂಥ ಬಲೆಯ ಜೇಡ ಕಚ್ಚಿದರೆ ಮನುಷ್ಯ ಉಳಿಯುವದಿಲ್ಲವೆಂಬ ಚಿತ್ರಗಳು ವಾಟ್ಸಪ್ಪಿನಲ್ಲಿ ಕೈಯಿಂದ ಕೈಗೆ ಹೋಗುತ್ತಿವೆ. ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮೇವು ಕೊಯ್ಯುವ ಹೆಣ್ಣುಮಕ್ಕಳು ಒಡ್ಡಿಗೆ ಹೋಗಲು ಹಿಂಜರಿಯುವದನ್ನೂ, ಒಬ್ಬಿಬ್ಬರು ಒಡ್ಡಿಗೆಲ್ಲ ಎಣ್ಣೆ ಹೊಡೆದು ಇಲ್ಲವೆ ಬೆಂಕಿ ಇಟ್ಟು "ಸ್ವಚ್ಛ" ಮಾಡುವದನ್ನೂ ನಾವು ನೋಡಿದ್ದೇವೆ. ಆದ ಕಾರಣ ಈ ಬಲೆ ಯಾರದು, ಅದನ್ನು ಗುರುತಿಸುವದು ಹೇಗೆ ಎಂಬುದನ್ನು ತುಸು ವಿಸ್ತಾರವಾಗಿಯೇ ಬರೆಯುವದು ಅವಶ್ಯವೆನಿಸಿತು.

ಮೊದಲು ಆ ಚಿತ್ರದ ಜೇಡದ ಮಾತು. ಅದು ಆಸ್ಟ್ರೇಲಿಯಾ ದೇಶದ್ದು. ಸಿಡ್ನಿ ಪಟ್ಟಣದ ಸುತ್ತಮುತ್ತ ನೆಲದಲ್ಲಿ ಬಿಲ ಮಾಡಿಕೊಂಡು ಇರುವಂಥದು; ಶಾಸ್ತ್ರಜ್ಞರು ಅದಕ್ಕೆ ಆಟ್ರಾಕ್ಸ್ ರೊಬಸ್ಟಸ್ ಎಂದು ಹೆಸರಿಟ್ಟಿದ್ದಾರೆ. ಕರ್ರಗೆ ಮಿಂಚುವ ಮೈ, ದಪ್ಪ ಹಲ್ಲು. ಅದರ ವಿಷ ಘೋರವಾದದ್ದೆಂಬುದು ನಿಜ. 1981ರಲ್ಲಿ ಅದಕ್ಕೆ ಪ್ರತಿವಿಷ ಬಳಕೆಗೆ ಬಂದ ಮೇಲೆ ಆ ದೇಶದಲ್ಲಿಯೂ ಅದರ ಕಡಿತದಿಂದ ಸಾವು ದಾಖಲಾಗಿಲ್ಲ. ಅದು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಅದರ ಬಲೆಗೂ ನಮ್ಮ ಒಡ್ಡಿನ ಬಲೆಗೂ ಲಾಳಿಕೆಯ ಹೆಸರೇ ಬಿದ್ದದ್ದರಿಂದ ಈ ಗೊಂದಲವೆಲ್ಲ. ಹೆಸರು ಒಂದಾದರೆ ಮನೆತನ ಒಂದಾಗುವದಿಲ್ಲ. ಮರಾಠಿ ಪುಸ್ತಕದಲ್ಲಿ ಜೇಡಕ್ಕೆ 'ಕೋಳಿ' ಅಂತ ಬರುತ್ತದೆ. ಕನ್ನಡ ಸಾಲೆಯ ನಮ್ಮ ಹುಡುಗರು ಮರಾಠಿ ಪಾಠದಲ್ಲಿ ಎಂಟು ಕಾಲಿನ ಕೋಳಿಯನ್ನು ಕಂಡು ನಕ್ಕಷ್ಟೂ ಕಡಿಮೆಯೇ. ಅದರಿಂದ ಯಾರೂ ಜೇಡದ ತತ್ತಿ ಬೇಯಿಸಲಿಲ್ಲ.

ಇನ್ನು ನಮ್ಮ ಬಲೆಗೆ ಬರೋಣ. ಪರದೇಶದ ಪುಸ್ತಕಗಳಲ್ಲಿ 'ಹುಲ್ಲಿನ ಜೇಡ' ಎಂದು ಹೇಳುವದು ಅಗೆಲಿನಿಡೆ ಎಂಬ ಮನೆತನದವಕ್ಕೆ. ಅಮೇರಿಕೆ, ಯುರೋಪಿನ ತಂಪು ಸೀಮೆಯ ಹುಲ್ಲುಗಾವಲುಗಳಲ್ಲಿ ಅವು ಹೇರಳ. ಕ್ಲೆರ್ಕ್ ಎಂಬ ಸ್ವೀಡನ್ನಿನ ವಿದ್ವಾಂಸನು 1757ರಷ್ಟು ಹಿಂದೆಯೇ ಅವುಗಳಲ್ಲೊಂದನ್ನು ವರ್ಣಿಸಿದ್ದಾನೆ. ಆದರೆ ನಮ್ಮ ಎರೆ ಮಸಾರಿ ಹೊಲಗಳ ಒಡ್ಡಿನಲ್ಲಿ ಲಾಳಿಕೆ ಬಲೆ ಹೆಣೆದು ಕೂತಿರುವದು ಬಹುತೇಕ ಬೇರೆಯೇ ಮನೆತನದ ಪ್ರಾಣಿ. ಅದರ ಹೆಸರು ಹಿಪಾಸಾ. ಇದು ತೋಳಜೇಡಗಳ ಕುಲದ್ದು. ತೋಳವೆಂದೊಡನೆ ಮಾಡಗ್ಯಾಳದ ಕುರಿಗಾರರು ಬೆಚ್ಚುವದು ಬೇಡ. ಬಲೆ ಕಟ್ಟದೆ ನೆಲದ ಮೇಲೆ ಓಡಾಡಿ ಬೇಟೆ ಹಿಡಿಯುವ ಕುಲವಾದ್ದರಿಂದ ಆ ಹೆಸರು ಬಂದಿದೆ. ಆ ಕುಲದಲ್ಲಿ ಹುಟ್ಟಿಯೂ ನೇಕಾರಿಕೆಯನ್ನು ಬಿಡದೆ ಮಾಡುವ ಪಂಗಡವೇ ಹಿಪಾಸಾ. ಜೇಡನೆಂದರೆ ಹಳಗಾಲದ ಮಾತಿನಲ್ಲಿ ನೇಕಾರನೇ ಅಲ್ಲವೆ? ಜೇಡರ ದಾಸಿಮಯ್ಯನ ಹೆಸರು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೀಮೋನ್ ಎಂಬ ಫ್ರೆಂಚ್ ಪಂಡಿತನು ಈ ಪಂಗಡಕ್ಕೆ 1885ರಲ್ಲಿ ಹಿಪಾಸಾ ಎಂದು ಹೆಸರಿಟ್ಟನು. ಇದರಲ್ಲಿ ಒಂದು ಜಾತಿಯ ಹೆಸರು ಅಗೆಲಿನಾಯ್ಡಿಸ್, ಅಂದರೆ 'ಅಗೆಲಿನಾದ ಹಾಗಿರುವಂಥದು'. ನೋಡಲು ಎಷ್ಟು ಹೋಲುತ್ತವೆಂಬುದಕ್ಕೆ ಹೆಸರೇ ಸಾಕ್ಷಿ. ಪೋಕಾಕ್ ಎಂಬವರು 1900ರಲ್ಲಿ ಹಿಂದೂಸ್ಥಾನದ ಜೇಡಗಳನ್ನು ಕುರಿತು ದೊಡ್ಡ ಗ್ರಂಥ ಬರೆದರು. ನಂತರ ಟೀಕಾದಾರ್ ಮತ್ತು ಮಲ್ಹೋತ್ರಾ ಅವರು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ದೇಶದ ತೋಳಜೇಡಗಳ ವಿವರ ಬಂದಿದೆ. ನಮ್ಮ ದೇಶದಲ್ಲಿ ಹಿಪಾಸಾದ ಹತ್ತಕ್ಕೆ ಮಿಕ್ಕಿ ಜಾತಿಗಳಿವೆ. ಇದು ಯಾವ ಜಾತಿಯದೆಂದು ಖಚಿತವಾಗಿ ಹೇಳಬೇಕಾದರೆ ಬೆಳೆದು ನಿಂತ ಜೇಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ ಜನನಾಂಗ ನೋಡಬೇಕು. ಒಕ್ಕಲುತನ ಮಾಡುವವರಿಗೆ ಅಷ್ಟು ಬೇಕಾಗಿಲ್ಲವೆಂದು ನಮ್ಮ ಮತ. ಪಂಗಡ ಗೊತ್ತಾದರೆ ಸಾಕು, ಅದನ್ನು ಬರಿಗಣ್ಣಿನಿಂದಲೇ ತಿಳಿಯಬಹುದು.

ತಿಳಿಯುವ ಬಗೆ ಹೀಗೆ. ನಸುಕಿನಲ್ಲಿ ಬಲೆಯಿಂದ ಎರಡು ಮಾರು ದೂರ ಕುಳಿತುಕೊಳ್ಳಿರಿ. ನೆರಳು ಬಲೆಯ ಮೇಲೆ ಬೀಳಬಾರದು, ನೆಲ ಅದುರಬಾರದು. ಸ್ವಲ್ಪ ಹೊತ್ತಿನಲ್ಲಿ ಕೊಳವೆಯ ಬಾಯಿಗೆ ಜೇಡ ಬಂದು ಮುಂಗಾಲು ಚಾಚಿ ಕೂಡುತ್ತದೆ. ಒಂದು ಕರಕಿಯ ಎಳೆಯಿಂದ ಹಾಸಿನ ಅಂಚನ್ನು ಮೆಲ್ಲಗೆ ನಡುಗಿಸಿದರೆ ಬಾಣದ ಹಾಗೆ ಓಡಿ ಬಂದು, ಮೋಸ ತಿಳಿದೊಡನೆ ಅಷ್ಟೇ ವೇಗದಿಂದ ಒಳಗೆ ಸೇರುತ್ತದೆ. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಅದು ಓಡುವದು ಹಾಸಿನ ಮೇಲ್ಮೈಯಲ್ಲಿ. ಕೆಳಗೆ ಜೋತುಬಿದ್ದು ಅಲ್ಲ. ಈ ಬಲೆಯ ನೂಲಿಗೆ ಅಂಟು ಇಲ್ಲ. ಬೆರಳಿನಿಂದ ಮುಟ್ಟಿ ನೋಡಿರಿ, ಹತ್ತುವದಿಲ್ಲ. ಹಾಸಿನ ಮೇಲೆ ಬಿದ್ದ ಮಿಡತೆಯ ಕಾಲು ಎಳೆಗಳ ನಡುವೆ ತೊಡಕಿ ತಡವರಿಸುವಷ್ಟರಲ್ಲಿ ಮನೆಯೊಡತಿ ಬಂದು ಕಚ್ಚಿ ಎಳೆದೊಯ್ಯುತ್ತಾಳೆ. ಬಲೆ ಅಂಟಿನಿಂದ ಹಿಡಿಯುವದಿಲ್ಲ, ಓಟದಿಂದ ಹಿಡಿಯುತ್ತದೆ ಎಂದರೂ ಸಲ್ಲುವದು. ಕೊಳವೆಯ ಹಿಂದಿನ ತುದಿ ತೆರೆದೇ ಇರುತ್ತದೆ. ಶತ್ರು ಬಾಗಿಲಿಗೆ ಬಂದರೆ ಹಿತ್ತಲಿನಿಂದ ಪಾರಾಗುವ ಏರ್ಪಾಡು.

ಮೈ ಕಂದು-ಬೂದು ಬಣ್ಣ. ಮುಂದೇಹದ ಮೇಲೆ ನಡುವಿನಿಂದ ಅಂಚಿಗೆ ಹರಿದ ಕಪ್ಪು ಗೆರೆಗಳು, ಹೊಟ್ಟೆಯ ಮೇಲೆ ಸಾಮಾನ್ಯವಾಗಿ ಬಿಳಿ ಚುಕ್ಕೆಗಳ ಜೋಡಿಗಳು. ಕಾಲು ಬಿಟ್ಟು ಬರಿ ಮೈ ಅಳೆದರೆ ಸುಮಾರು 1ರಿಂದ 1.5 ಸೆಂಟಿಮೀಟರ. ಹಿಂಬದಿಯಲ್ಲಿ ನೂಲು ಬಿಡುವ ಎರಡು ಮೊನೆಗಳು ಸಣ್ಣ ಬಾಲಗಳಂತೆ ಹೊರಚಾಚಿರುತ್ತವೆ. ಬಾಯಿಯ ಪಕ್ಕದ ಎರಡು ಕಿರುಗಾಲುಗಳ ತುದಿ ಗುಂಡಗೆ ಉಬ್ಬಿದ್ದರೆ ಅದು ಗಂಡೆಂದು ತಿಳಿಯಬೇಕು. ಆದರೆ ಬಣ್ಣವನ್ನು ನೆಚ್ಚಿ ಯಾರೂ ತೀರ್ಮಾನ ಹೇಳಬಾರದು; ಅಗೆಲಿನಿಡೆಯವಕ್ಕೂ ಇಂಥದೇ ಬಣ್ಣ, ಇಂಥವೇ ಬಾಲದ ಮೊನೆಗಳು ಇರುತ್ತವೆ. ನಿಜವಾದ ಗುರುತು ಎರಡು: ಒಂದು ಕಣ್ಣಿನಲ್ಲಿ, ಇನ್ನೊಂದು ತಾಯ್ತನದಲ್ಲಿ.

ಕಣ್ಣು ನೋಡಲು ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಬಹುದು. ಕಣ್ಣು ಎಂಟು. ತೋಳಜೇಡದಲ್ಲಿ ಕೆಳಗಿನ ಸಾಲಿನಲ್ಲಿ ಸಣ್ಣವು ನಾಲ್ಕು. ಅವುಗಳ ಮೇಲೆ ನೆಟ್ಟಗೆ ಎದುರು ನೋಡುವ ದೊಡ್ಡವು ಎರಡು. ಅವುಗಳ ಹಿಂದೆ ನೆತ್ತಿಯ ಕಡೆಗೆ ಮತ್ತೆರಡು. ಅಗೆಲಿನಿಡೆಯಲ್ಲಿ ಎಂಟೂ ಹೆಚ್ಚುಕಡಿಮೆ ಒಂದೇ ಗಾತ್ರದವು, ಬಾಗಿದ ಎರಡು ಸಾಲಾಗಿ ಇರುತ್ತವೆ. ಇದಕ್ಕಿಂತ ಸುಲಭವಾದ ಉಪಾಯ ರಾತ್ರಿಯದು. ಬ್ಯಾಟರಿಯನ್ನು ನಿಮ್ಮ ಹುಬ್ಬಿನ ಹತ್ತಿರ ಹಿಡಿದು ಒಡ್ಡಿನ ಉದ್ದಕ್ಕೂ ಬೆಳಕು ಬಿಡಿರಿ. ಹುಲ್ಲಿನೊಳಗೆ ಅಲ್ಲಲ್ಲಿ ಇಬ್ಬನಿ ಹನಿಯಂತೆ ಮಿನುಗುವ ಬೆಳಕಿನ ಚುಕ್ಕೆ ಕಾಣುತ್ತವೆ. ಹತ್ತಿರ ಹೋದರೆ ಪ್ರತಿ ಚುಕ್ಕೆಯ ಹಿಂದೆ ಒಂದು ತೋಳಜೇಡ. ದನದ ಕಣ್ಣು ಕತ್ತಲಲ್ಲಿ ಹೊಳೆಯುವದು ಹೇಗೋ ಹಾಗೆಯೇ ಇವುಗಳ ದೊಡ್ಡ ಕಣ್ಣಿನ ಹಿಂದೆ ಬೆಳಕನ್ನು ತಿರುಗಿ ಎಸೆಯುವ ಪದರ ಇದೆ. ಸೊಂಟದ ಎತ್ತರಕ್ಕೆ ಬ್ಯಾಟರಿ ಹಿಡಿದರೆ ಇದು ಕಾಣಿಸದು.

ಎರಡನೆಯ ಗುರುತು ತಾಯ್ತನದ್ದು. ಇದರಷ್ಟು ಖಾತ್ರಿಯಾದದ್ದು ಮತ್ತೊಂದಿಲ್ಲ. ಅಗೆಲಿನಿಡೆಯ ತಾಯಿ ತತ್ತಿಯ ಚೀಲವನ್ನು ಬಲೆಯ ಆಸರೆಯಲ್ಲಿ ಒಂದೆಡೆ ಬಿಗಿದು ಇಡುತ್ತದೆ. ಹಿಪಾಸಾ ತಾಯಿ ಹಾಗೆ ಇಡುವದಿಲ್ಲ. ತತ್ತಿಗಳನ್ನು ನೂಲಿನಿಂದ ಸುತ್ತಿ, ಗುಂಡನೆಯ ಚೀಲ ಮಾಡಿ, ಅದನ್ನು ತನ್ನ ಹಿಂಬದಿಯ ನೂಲುಮೊನೆಗೆ ಅಂಟಿಸಿಕೊಂಡು ತಿರುಗುತ್ತದೆ. ಬೇಟೆಗೆ ಓಡಿದರೂ ಗಂಟು ಬೆನ್ನ ಹಿಂದೆಯೇ. ಕಸ ತೆಗೆಯುವ ಹೆಣ್ಣುಮಕ್ಕಳು ಇದನ್ನು ನಮಗಿಂತ ಮೊದಲೇ ಕಂಡಿರುತ್ತಾರೆ. "ಗಂಟು ಹೊತ್ತ ಹುಳ" ಎಂದರೆ ಇದೇ. ಮರಿ ಒಡೆದ ಮೇಲೆ ಅವೆಲ್ಲ ತಾಯಿಯ ಬೆನ್ನೇರಿ ಒತ್ತೊತ್ತಾಗಿ ಕುಳಿತು ಕೆಲವು ದಿನ ಅಲ್ಲಿಯೇ ಕಳೆಯುತ್ತವೆ. ದೂರದಿಂದ ನೋಡಿದವರಿಗೆ ಜೇಡದ ಬೆನ್ನಿಗೆ ತುರಿ ಎದ್ದಂತೆ ತೋರುವದು. ಲಾಳಿಕೆಯ ಬಾಯಲ್ಲಿ ಗಂಟು ಹೊತ್ತ, ಇಲ್ಲವೆ ಮರಿ ಹೊತ್ತ ಜೇಡ ಕಂಡಿರೆಂದರೆ ಮುಂದೆ ಯಾವ ಪುಸ್ತಕವೂ ಬೇಡ, ಅದು ತೋಳಜೇಡವೇ ಸರಿ.

ಹೊಲದಲ್ಲಿ ಬೇರೆ ಬಲೆಗಳೂ ಇರುತ್ತವಾದ್ದರಿಂದ ಅವುಗಳನ್ನು ಒಂದೊಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ಜೋಳದ ಸಾಲುಗಳ ನಡುವೆ ಗಾಲಿಯಂತೆ ನೆಟ್ಟಗೆ ನಿಂತ ದುಂಡು ಬಲೆ ಬೇರೆ ಜೇಡದ್ದು. ಅದರ ನೂಲು ಅಂಟುತ್ತದೆ, ಕೆಲವು ಜಾತಿಗಳು ನಡುವೆ ಬಿಳಿಯ ಸೊಟ್ಟಗೆರೆ ಬರೆದಿರುತ್ತವೆ. ಪಾಪಾಸಕಳ್ಳಿಯ ಬೇಲಿಯಲ್ಲಿ ಡೇರೆಯಂತೆ ನಡು ಉಬ್ಬಿ, ಮೇಲೆ ಕೆಳಗೆ ಎಳೆಗಳ ಜೊಂಪೆ ಇರುವ ಬಲೆಯ ಜೇಡ ಹಾಸಿನ ಕೆಳಬದಿಗೆ ಜೋತಿರುತ್ತದೆ. ಜಾಲಿ, ಬಾರಿ ಕಂಟಿಗಳಲ್ಲಿ ಎಲೆ ಕಸ ಸೇರಿ ಬೂದುಬಣ್ಣದ ಚಿಂದಿ ಗಂಟಿನ ಹಾಗೆ ಕಾಣುವದು ನೂರಾರು ಜೇಡಗಳು ಕೂಡಿ ಬಾಳುವ ಮನೆ; ಅದೊಂದು ಬೇರೆಯೇ ಸಂಸಾರ, ಮತ್ತೊಮ್ಮೆ ಬರೆಯುವಂಥ ವಿಷಯ. ಮೇಲೆ ಹಾಸು ಇಲ್ಲದೆ ಬರಿ ದುಂಡು ಬಿಲ, ಅದರ ಬಾಯಿಗೆ ರೇಶಿಮೆಯ ಒಳಪದರ ಕಂಡರೆ ಅಲ್ಲಿ ರೋಮದ ದೊಡ್ಡ ನೆಲಜೇಡ ಇದ್ದೀತು. ಅದಕ್ಕೆ ಕಡ್ಡಿ ಹಾಕಿ ಕೆಣಕಬಾರದು. ನೆಲಜೇಡದ ಎರಡು ಹಲ್ಲು ಗುದ್ದಲಿಗಳಂತೆ ಒಂದರ ಪಕ್ಕ ಒಂದು ಕೆಳಗೆ ಇಳಿಯುತ್ತವೆ; ನಮ್ಮ ಒಡ್ಡಿನ ಜೇಡದವು ಇಕ್ಕಳದಂತೆ ಎದುರುಬದುರು ಕೂಡುತ್ತವೆ. ಸಿಡ್ನಿಯ ಜೇಡ ಮೊದಲನೆಯ ಗುಂಪಿನದು.

ಹಾಗಾದರೆ ಹಿಪಾಸಾ ಕಚ್ಚುವದೇ ಇಲ್ಲವೆ? ಕೈಯಲ್ಲಿ ಹಿಡಿದು ಹಿಚುಕಿದರೆ ಕಚ್ಚೀತು. ಆದರೆ ಮನುಷ್ಯನ ಮೇಲೆ ಏರಿ ಬರುವ ಪ್ರಾಣಿ ಅದಲ್ಲ. ಹೆಜ್ಜೆ ಸದ್ದಾದರೆ ಸಾಕು ಕೊಳವೆ ಸೇರುತ್ತದೆ. ನಮ್ಮ ಚಿಂತೆ ಇರುವದು ಬೇರೆಡೆ. ಹಳ್ಳಿಯಲ್ಲಿ ಮೈಮೇಲೆ ಎದ್ದದ್ದಕ್ಕೆಲ್ಲ ಜೇಡನ ಹೆಸರು ಹೇಳುವ ರೂಢಿ ಇದೆ. ಕುತ್ತಿಗೆಗೋ ತೋಳಿಗೋ ಬರೆ ಎಳೆದಂತೆ ಉರಿಗುಳ್ಳೆ ಎದ್ದರೆ "ಜೇಡ ಉಚ್ಚೆ ಹೊಯ್ದಿದೆ" ಅನ್ನುತ್ತಾರೆ. ಅನೇಕ ಸಲ ಇದು ಪೆಡೆರಸ್ ಎಂಬ ಸಣ್ಣ ಹುಳದ ಕೆಲಸ. ಇರುವೆಯಂತೆ ನೀಳ, ಕೇಸರಿ-ಕಪ್ಪು ಪಟ್ಟೆಯ ಈ ಹುಳ ರಾತ್ರಿ ದೀಪಕ್ಕೆ ಬರುತ್ತದೆ. ಅದು ಕಚ್ಚುವದಿಲ್ಲ, ಮೈಮೇಲೆ ಹರಿದಾಗ ಒರೆಸಿ ಜಜ್ಜಿದರೆ ಅದರ ರಸ ತಗಲಿ ಒಂದು ದಿನದ ಮೇಲೆ ಗುಳ್ಳೆ ಏಳುತ್ತವೆ. ಊದಿ ಹಾರಿಸಿ, ಆ ಜಾಗವನ್ನು ಸಾಬೂನು ಹಚ್ಚಿ ತೊಳೆದರೆ ಆಯಿತು.

ಇದಕ್ಕಿಂತ ದೊಡ್ಡ ಗಂಡಾಂತರ ಹಾವಿನದು. ಕಟ್ಟುಹಾವು, ಮರಾಠಿಯಲ್ಲಿ ಮಣ್ಯಾರ ಅನ್ನುವದು, ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವದುಂಟು. ನೋವು ಹೆಚ್ಚಿಗೆ ಇರುವದಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವದಿಲ್ಲ. "ಏನೋ ಜೇಡರ ಹುಳ ಮುಟ್ಟಿತು" ಎಂದು ಮಗ್ಗಲು ಬದಲಿಸಿ ಮಲಗಿದವನ ಕಣ್ಣಿನ ರೆಪ್ಪೆ ಬೆಳಗಾಗುವದರೊಳಗೆ ಜೋಲುಬೀಳುತ್ತವೆ, ಮಾತು ತೊದಲುತ್ತದೆ, ಉಸಿರು ಸಿಗದಾಗುತ್ತದೆ. ಹೊಲದ ವಸ್ತಿಯಲ್ಲಿ ರಾತ್ರಿ ಏನಾದರೂ ಕಚ್ಚಿ, ರೆಪ್ಪೆ ಭಾರವಾಗುವದು, ಹೊಟ್ಟೆ ನೋಯುವದು, ನುಂಗಲು ಬಾರದಿರುವದು ಮೊದಲಾದ ಲಕ್ಷಣ ಕಂಡರೆ ಜೇಡವೋ ಹಾವೋ ಎಂದು ಚರ್ಚೆ ಮಾಡುತ್ತ ಕೂಡ್ರಬಾರದು. ಮಂತ್ರ ಹಾಕಿಸುವದರಲ್ಲಿ ವೇಳೆ ಕಳೆಯದೆ ಕೂಡಲೆ ಸರಕಾರಿ ದವಾಖಾನೆಗೆ ಒಯ್ಯಬೇಕು. ನಮ್ಮ ದೇಶದಲ್ಲಿ ಕೊಡುವ ಹಾವಿನ ಪ್ರತಿವಿಷ ಕಟ್ಟುಹಾವಿಗೂ ನಡೆಯುವದು. ಜೇಡ ಹುಡುಕುವ ನೆಪದಲ್ಲಿ ಹುಲ್ಲಿನ ಬುಡಕ್ಕೆ, ಕಲ್ಲಿನ ಸಂದಿಗೆ ಕೈ ಹಾಕಬಾರದೆಂಬುದನ್ನೂ ಮಕ್ಕಳಿಗೆ ಇದೇ ಹೊತ್ತಿಗೆ ಹೇಳತಕ್ಕದ್ದು.

ಇನ್ನು ಈ ಜೇಡದಿಂದ ಬೆಳೆಗೆ ಏನು ಲಾಭ ಎಂಬ ಪ್ರಶ್ನೆ. ಇದ್ದದ್ದನ್ನು ಇದ್ದಂತೆ ಹೇಳಬೇಕು. ಜೋಳದ ಸುಳಿಯೊಳಗೆ ಹೊಕ್ಕ ಸುಳಿನೊಣದ ಮರಿಯಾಗಲಿ, ದಂಟಿನೊಳಗಿನ ಕೊರೆಯುವ ಹುಳವಾಗಲಿ ಇದರ ಕೈಗೆ ಸಿಗುವದಿಲ್ಲ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಂಡು ಆ ಮೇಲೆ ಮಹಾರಾಷ್ಟ್ರಕ್ಕೂ ಹಬ್ಬಿದ ಸೈನಿಕ ಹುಳು ಸುಳಿಯಲ್ಲಿ ಅಡಗಿದ ಮೇಲೆ ಅದಕ್ಕೂ ಇದು ಮದ್ದಲ್ಲ. ಒಡ್ಡಿನಿಂದ ಹೊಲಕ್ಕೆ, ಹೊಲದಿಂದ ಒಡ್ಡಿಗೆ ತಿರುಗುವ ಮಿಡತೆ, ಜಿಗಿಹುಳ, ನೊಣ, ಸಣ್ಣ ಪತಂಗ, ಇವು ಇದರ ಆಹಾರ. ಕೆಲವೊಮ್ಮೆ ನಮಗೆ ಬೇಕಾದ ಹುಳವೂ ಬಲೆಗೆ ಬಿದ್ದೀತು. ಜೇಡ ನಮ್ಮ ಆಳಲ್ಲ, ತನ್ನ ಹೊಟ್ಟೆಗೆ ದುಡಿಯುತ್ತದೆ. ಆದರೆ ಹಗಲೂ ರಾತ್ರಿ ಒಡ್ಡಿಗೆ ನೂರಾರು ಬಾಯಿ ಕಾಯ್ದು ಕೂತಿರುವದು ಸಣ್ಣ ಮಾತಲ್ಲ.

ಅವು ಇಲ್ಲದಾದರೆ ಏನಾಗುವದೆಂಬುದನ್ನು ಭತ್ತದ ದೇಶಗಳು ಕಂಡಿವೆ. ಇಂಡೋನೇಶಿಯಾದಲ್ಲಿ ಕಂದು ಜಿಗಿಹುಳವನ್ನು ಕೊಲ್ಲಲು ಎಣ್ಣೆ ಹೊಡೆದಷ್ಟೂ ಅದು ಹೆಚ್ಚುತ್ತಲೇ ಹೋಯಿತು. ಎಣ್ಣೆಗೆ ಮೊದಲು ಸತ್ತದ್ದು ಅದನ್ನು ತಿನ್ನುವ ತೋಳಜೇಡ ಮೊದಲಾದವು. ಗಿಡದಲ್ಲಿ ಅಡಗಿದ್ದ ತತ್ತಿಗಳಿಂದ ಜಿಗಿಹುಳ ಮಾತ್ರ ಮತ್ತೆ ಹುಟ್ಟಿ ಬಂತು. ಕೊನೆಗೆ 1986ರಲ್ಲಿ ಅಲ್ಲಿಯ ಸರಕಾರವು 57 ಔಷಧಿಗಳನ್ನು ಭತ್ತಕ್ಕೆ ಹೊಡೆಯಕೂಡದೆಂದು ಆಜ್ಞೆ ಮಾಡಬೇಕಾಯಿತು. ನಮ್ಮಲ್ಲಿ ಭತ್ತವಿಲ್ಲ. ಆದರೆ ದ್ರಾಕ್ಷಿ, ದಾಳಿಂಬರಿ ತೋಟಗಳಲ್ಲಿ ಮೇಲಿಂದ ಮೇಲೆ ಎಣ್ಣೆ ಬೀಳುತ್ತದೆ. ಅಂಥ ತೋಟಕ್ಕೆ ತಗಲಿದ ಒಡ್ಡಿನ ಮೇಲೆ ನಸುಕಿನಲ್ಲಿ ಬಲೆ ಎಣಿಸಿ, ಒಣಬೇಸಾಯದ ಹೊಲದ ಒಡ್ಡಿನ ಮೇಲೂ ಎಣಿಸಿ ನೋಡಿರಿ. ನಾವು ಎಣಿಸಿದಾಗ ಅಂತರ ಬಹಳ ಇತ್ತು. ಪೈರೆಥ್ರಾಯ್ಡ್ ಜಾತಿಯ ಎಣ್ಣೆಗಳಂತೂ ಜೇಡಗಳಿಗೆ ತೀರ ಮಾರಕ. ತೋಟಕ್ಕೆ ಹೊಡೆಯುವದು ಅನಿವಾರ್ಯವಾದಲ್ಲಿಯೂ ಪಂಪಿನ ಮೂತಿಯನ್ನು ಒಡ್ಡಿನ ಕಡೆಗೆ ತಿರುಗಿಸುವ ಕಾರಣವೇನೂ ಇಲ್ಲ.

ಬೆಂಕಿಯ ಮಾತು ಇದಕ್ಕಿಂತ ತೊಡಕಿನದು. ಒಡ್ಡು ಸುಡುವವರೆಲ್ಲ ಜೇಡಕ್ಕಂಜಿ ಸುಡುವದಿಲ್ಲ. ಕಸದ ಬೀಜ ಹೊಲಕ್ಕೆ ಬೀಳಬಾರದೆಂದೂ, ಹಾವು ಇಲಿ ಸೇರಬಾರದೆಂದೂ ಸುಡುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಅನ್ನಲಾರೆವು. ಆದರೆ ಇಡೀ ಒಡ್ಡನ್ನು ಒಂದೇ ದಿನ ಸುಟ್ಟರೆ ಗಂಟು ಹೊತ್ತ ತಾಯಿಗಳೂ ಬೆನ್ನಿನ ಮರಿಗಳೂ ಒಟ್ಟಿಗೆ ಹೋಗುತ್ತವೆ. ಮೇವಿಗಾಗಿ ಹುಲ್ಲನ್ನು ಗೇಣುದ್ದ ಬಿಟ್ಟು ಕೊಯ್ದರೆ ಕಸದ ಬೀಜವೂ ಬೀಳದು, ಬಲೆ ಕಟ್ಟಲು ಆಸರೆಯೂ ಉಳಿಯುವದು. ಸುಡಲೇಬೇಕೆಂದರೆ ಈ ವರುಷ ಅರ್ಧ, ಬರುವ ವರುಷ ಅರ್ಧ ಸುಡಬಹುದು. ಉಳಿದ ಅರ್ಧದಿಂದ ಜೇಡಗಳು ಮತ್ತೆ ಹರಡಿಕೊಳ್ಳುತ್ತವೆ.

ಇದರಲ್ಲಿ ಒಂದು ಅಡಚಣೆ ಇದೆ. ಒಡ್ಡು ಒಬ್ಬರದಲ್ಲ, ಎರಡೂ ಮಗ್ಗಲಿನ ಹೊಲದವರದು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಸುಟ್ಟರೆ ಕೆಲಸ ಕೆಟ್ಟಿತು, ಮೇಲೆ ಜಗಳ ಬೇರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಬಂದಿರುತ್ತಾರೆ. ಯಾವ ಕಡೆ ಸುಡುವದು, ಯಾವ ಕಡೆ ಬಿಡುವದು ಎಂಬುದನ್ನು ಮಗ್ಗಲಿನವರು ಅಂದೇ ಊಟಕ್ಕೆ ಕುಳಿತಾಗ ಮಾತಾಡಿಕೊಳ್ಳಬಹುದು. ಅಷ್ಟು ಹೊತ್ತಿಗೆ ಇಬ್ಬನಿ ಆರಿ ಬಲೆ ಕಾಣದಂತಾಗಿರುತ್ತದೆ. ಮಕ್ಕಳಿಗೆ ತೋರಿಸಬೇಕೆಂದರೆ ತಂಬಿಗೆಯ ನೀರಲ್ಲಿ ಕೈ ಅದ್ದಿ ಹುಲ್ಲಿನ ಮೇಲೆ ಸಣ್ಣಗೆ ಚಿಮುಕಿಸಿರಿ, ಬಲೆ ಎದ್ದು ಕಾಣುವದು. ಎಣ್ಣೆ ಹೊಡೆಯುವ ಪಂಪಿನಲ್ಲಿ ನೀರು ತುಂಬಿ ಮಾತ್ರ ಈ ಕೆಲಸ ಮಾಡಬೇಡಿರಿ. ಎಷ್ಟು ತೊಳೆದರೂ ಅದರಲ್ಲಿ ಔಷಧಿಯ ಅಂಶ ಉಳಿದಿರುತ್ತದೆ.